ಡಿಪಿ ನೋಡಿ ಮಣೆ ಹಾಕುವ ಕಡೆ, ನಿಮಗೆ ಬರುವ ಉತ್ತರ ಬದಲಾಗಬೇಕಾದರೆ

ಮುಖ ನೋಡಿ ಮಣೆ ಹಾಕುತ್ತಾರೆ ಅನ್ನೋ ಮಾತು ನಮಗೆಲ್ಲ ಗೊತ್ತು. ಆನ್‌ಲೈನ್‌ನಲ್ಲಿ ಎಷ್ಟೋ ಸಲ ಮುಖವೇ ಕಾಣುವುದಿಲ್ಲ. ಆದರೂ ಮಣೆ ಹಾಕುವುದು ನಿಂತಿಲ್ಲ. ಒಂದು ಡಿಪಿ, ಒಂದು ಹೆಸರು, ಒಂದೂವರೆ ಸಾಲಿನ ಬಯೋ, ಹಿಂದೆ ಹಾಕಿದ ನಾಲ್ಕು ಕಮೆಂಟು, ಇಷ್ಟು ಸಿಕ್ಕರೆ ಸಾಕು, ಎದುರಿನವರು ತಲೆಯಲ್ಲಿ ಒಬ್ಬ ಪೂರ್ತಿ ಮನುಷ್ಯನನ್ನು ಕಟ್ಟಿಕೊಂಡುಬಿಡುತ್ತಾರೆ. ಆಮೇಲೆ ಅವರು ಮಾತಾಡುವುದು ಆ ಮನುಷ್ಯನ ಜೊತೆ.

ನನಗೆ ಇದು ಅರ್ಥ ಆದದ್ದು ತಡವಾಗಿ. ಒಂದು ಗ್ರೂಪಿನಲ್ಲಿ ಎರಡು ವರ್ಷದಿಂದ ಇದ್ದೆ. ಯಾರಾದರೂ ಏನಾದರೂ ಕೇಳಿದರೆ, ಗೊತ್ತಿದ್ದರೆ ತಕ್ಷಣ ಉತ್ತರ ಹಾಕುತ್ತಿದ್ದೆ, ಚುಟುಕಾಗಿ. 'ಮೊದಲೇ ಹೇಳಿದ್ದೇನೆ. ಮೇಲೆ ನೋಡಿ.' ಈ ಥರ. ಡಿಪಿಯಲ್ಲಿ ಬರೀ ಕಪ್ಪು, ಹೆಸರಿನ ಜಾಗದಲ್ಲಿ ಎರಡು ಅಕ್ಷರ. ಒಂದು ದಿನ ಒಬ್ಬರು ಪ್ರತ್ಯೇಕವಾಗಿ ಮೆಸೇಜ್ ಮಾಡಿ, 'ಒಂದು ವಿಷಯ ಕೇಳಬೇಕಿತ್ತು, ಬೈಯಬೇಡಿ' ಅಂದರು. ಅಲ್ಲಿಯವರೆಗೆ ನಾನು ಯಾರಿಗೂ ಬೈದಿರಲಿಲ್ಲ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದ ಅಷ್ಟೂ ದಿನ ಜನ ನನಗೆ ಹೆದರಿಕೊಂಡಿದ್ದರು. ಆ 'ಬೈಯಬೇಡಿ' ತುಂಬ ದಿನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಆಮೇಲೆ ಈ ಬಗ್ಗೆ ಓದಿದೆ, ಒಂದೊಂದಾಗಿ ಬದಲಿಸಿ ನೋಡಿದೆ. ಅದರಲ್ಲಿ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಲಾಗ್ ಔಟ್ ಆಗಿ. ನಿಮ್ಮ ಪ್ರೊಫೈಲನ್ನು ಹೊರಗಿನವರಾಗಿ ತೆರೆದು ನೋಡಿ. ಆಮೇಲೆ ನೀವು ಇತ್ತೀಚೆಗೆ ಬರೆದ ಇಪ್ಪತ್ತು ಉತ್ತರಗಳನ್ನು ಕಾಪಿ ಮಾಡಿ ಒಂದು ಕಡೆ ಹಾಕಿ. ಯಾರಿಗೆ ಬರೆದದ್ದು, ಯಾಕೆ ಬರೆದದ್ದು, ಅದೆಲ್ಲ ಬೇಡ, ಬರೀ ನಿಮ್ಮ ಮಾತು ಇರಲಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಓದಿ. 'ನನಗೊಂದು ಕಷ್ಟ ಬಂದರೆ ಈ ಮನುಷ್ಯನ ಹತ್ರ ಹೋಗಿ ಕೇಳ್ತೀನಾ?' ಇದೊಂದೇ ಪ್ರಶ್ನೆ ಹಾಕಿಕೊಳ್ಳಿ. ಆತ್ಮೀಯರೊಬ್ಬರ ಕೈಗೆ ಕೊಟ್ಟು ಓದಿಸಿದರೆ ಇನ್ನೂ ಒಳ್ಳೆಯದು, ಆದರೆ ಅವರು ಏನೇ ಹೇಳಿದರೂ ಸಮರ್ಥನೆ ಮಾಡಿಕೊಳ್ಳಲು ಹೋಗಬೇಡಿ, ಸುಮ್ನೆ ಕೇಳಿಸಿಕೊಳ್ಳಿ.

ಈಗ ಡಿಪಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಜನ 'ಇವರನ್ನು ನಂಬಬಹುದು', 'ಇವರನ್ನು ನಂಬಲಾಗದು' ಅಂತ ತೀರ್ಮಾನ ಮಾಡಿ ಮುಗಿಸಿರುತ್ತಾರೆ. ಇನ್ನಷ್ಟು ಹೊತ್ತು ನೋಡಲು ಬಿಟ್ಟರೆ ತೀರ್ಮಾನ ಅಷ್ಟೇನೂ ಬದಲಾಗಲಿಲ್ಲ, ಆ ತೀರ್ಮಾನ ಸರಿ ಅನ್ನೋ ಧೈರ್ಯ ಮಾತ್ರ ಜಾಸ್ತಿ ಆಯಿತು. ಈ ತೀರ್ಮಾನ ನಿಜ ಆಗಿರಬೇಕು ಅಂತೇನೂ ಇಲ್ಲ. ಆದರೆ ನಿಮಗೆ ಬರುವ ಉತ್ತರ ಅದರ ಮೇಲೇ ನಿಂತಿರುತ್ತದೆ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1977ರ ಒಂದು ಪ್ರಯೋಗ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಸ್ನೈಡರ್ ಮತ್ತು ಜೊತೆಗಾರರು ಮಾಡಿದ್ದು. ಗಂಡಸರಿಗೆ ಒಬ್ಬ ಹೆಂಗಸಿನ ಫೋಟೊ ಕೊಟ್ಟು, ಇವರ ಜೊತೆ ಹತ್ತು ನಿಮಿಷ ಮಾತಾಡಿ ಅಂದರು. ಮುಖಾಮುಖಿ ಅಲ್ಲ, ಬರೀ ಧ್ವನಿ. ಫೋಟೊ ಆ ಹೆಂಗಸಿನದೇ ಅಲ್ಲ. ಕೆಲವರಿಗೆ ಸುಂದರವಾದ ಮುಖ ಕೊಟ್ಟಿದ್ದರು, ಉಳಿದವರಿಗೆ ಅಷ್ಟು ಆಕರ್ಷಕ ಅಲ್ಲದ ಮುಖ. ಸುಂದರ ಫೋಟೊ ನೋಡಿದವರು ಉತ್ಸಾಹದಿಂದ, ಪ್ರೀತಿಯಿಂದ ಮಾತಾಡಿದರು. ಅದರಲ್ಲಿ ಆಶ್ಚರ್ಯ ಇಲ್ಲ. ಆಮೇಲೆ ಏನೂ ಗೊತ್ತಿಲ್ಲದ ಬೇರೆಯವರಿಗೆ ಹೆಂಗಸರ ಮಾತನ್ನು ಮಾತ್ರ ಕೇಳಿಸಿದರು. ಸುಂದರಿ ಅಂತ ಎದುರಿನವರು ನಂಬಿದ್ದ ಹೆಂಗಸರ ದನಿಯೇ ಜಾಸ್ತಿ ಸ್ನೇಹದಿಂದ, ಲವಲವಿಕೆಯಿಂದ ಇದೆ ಅಂದರು ಕೇಳಿದವರು. ಫೋಟೊ ಒಂದಿತ್ತು ಅನ್ನೋದೇ ಆ ಹೆಂಗಸರಿಗೆ ಗೊತ್ತಿರಲಿಲ್ಲ! ಎದುರಿನವರು ಹೇಗೆ ಮಾತಾಡಿಸಿದರೋ ಅವರು ಹಾಗೇ ಆಗಿಬಿಟ್ಟಿದ್ದರು.

ಇದನ್ನು ನಮಗೆ ಅನ್ವಯಿಸಿಕೊಂಡು ನೋಡಿ. ನಿಮ್ಮ ಪ್ರೊಫೈಲ್ ಗಡುಸಾಗಿದ್ದರೆ ಜನ ಬಿಗಿಯಾಗಿ ಮಾತಾಡುತ್ತಾರೆ, ಅದನ್ನು ನೋಡಿ ನೀವೂ ಬಿಗಿಯಾಗುತ್ತೀರಿ, ಆಗ ಅವರು 'ನೋಡಿದ್ರಾ, ನಾನು ಅಂದುಕೊಂಡಿದ್ದು ಸರಿ' ಅಂದುಕೊಳ್ಳುತ್ತಾರೆ. ಇದನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಡಿಪಿಯಿಂದ ಶುರು ಮಾಡುವುದೇ ಸುಲಭ, ಯಾಕೆಂದರೆ ಅದಕ್ಕೆ ಎರಡು ನಿಮಿಷ ಸಾಕು. ಸುಂದರವಾಗಿ ಕಾಣಬೇಕು ಅಂತಲ್ಲ. ಮುಖಕ್ಕೆ ಬೆಳಕು ಬಿದ್ದಿರಲಿ, ಕಣ್ಣು ಕಾಣಲಿ, ಹತ್ತು ವರ್ಷದ ಹಿಂದಿನ ಫೋಟೊ ಬೇಡ. ಮುಖ ಹಾಕಲು ಇಷ್ಟ ಇಲ್ಲದಿದ್ದರೆ ಹಾಕಬೇಡಿ, ಅದಕ್ಕೆ ಒಳ್ಳೆಯ ಕಾರಣಗಳಿರುತ್ತವೆ. ನಿಮಗೆ ಇಷ್ಟವಾದ ಒಂದು ವಸ್ತುವಿನ ಚಿತ್ರ ಹಾಕಿ. ಖಾಲಿ ಮಾತ್ರ ಬಿಡಬೇಡಿ, ಖಾಲಿ ಇರುವ ಕಡೆ ಜನ ತಮ್ಮ ಅನುಮಾನವನ್ನೇ ತುಂಬಿಕೊಳ್ಳುತ್ತಾರೆ. ಹೆಸರೂ ಅಷ್ಟೇ. ನಿಜವಾದ ಹೆಸರೇ ಬೇಕೆಂದಿಲ್ಲ, ಆದರೆ ಒಂದೇ ಹೆಸರನ್ನು ವರ್ಷಗಟ್ಟಲೆ ಇಟ್ಟುಕೊಳ್ಳಿ.

ಬಯೋದ ಮೊದಲ ಪದ ಯಾವುದು ಅಂತ ನೋಡಿ. ಸಾಲೊಮನ್ ಆಶ್ ಅನ್ನೋ ಮನಶ್ಶಾಸ್ತ್ರಜ್ಞರು 1946ರಲ್ಲಿ ಒಬ್ಬ ಮನುಷ್ಯನ ಬಗ್ಗೆ ಆರು ಗುಣ ಓದಿ ಹೇಳಿದರು. ಕೆಲವರಿಗೆ 'ಬುದ್ಧಿವಂತ'ದಿಂದ ಶುರುವಾಗಿ 'ಹೊಟ್ಟೆಕಿಚ್ಚಿನವ'ದಲ್ಲಿ ಮುಗಿಯಿತು, ಉಳಿದವರಿಗೆ ಅದೇ ಪಟ್ಟಿ ಹಿಂದುಮುಂದಾಗಿ. ಪದಗಳು ಅವೇ ಆದರೂ, ಮೊದಲು ಒಳ್ಳೆಯದು ಕೇಳಿದವರಿಗೆ ಆ ಮನುಷ್ಯ ಹೆಚ್ಚು ಹಿಡಿಸಿದ. ಹಾಗಾಗಿ 'ವಾದಕ್ಕೆ ಬರಬೇಡಿ, ಬ್ಲಾಕ್ ಮಾಡ್ತೀನಿ' ಅಂತ ಶುರು ಮಾಡುವ ಬಯೋ ನೋಡಿದಾಗ ನನಗೆ ಸಂಕಟ ಆಗುತ್ತದೆ. ಅದನ್ನು ಬರೆದವರಿಗೆ ಎಲ್ಲೋ ನೋವಾಗಿರುತ್ತದೆ, ಆದರೆ ಆ ಸಾಲು ಕಾಟ ಕೊಡುವವರನ್ನು ತಡೆಯುವುದಿಲ್ಲ, ಒಳ್ಳೆಯವರನ್ನೇ ದೂರ ಇಡುತ್ತದೆ. ಬ್ಲಾಕ್ ಮಾಡುವುದಿದ್ದರೆ ಹೇಳದೆ ಮಾಡಿ.

ಇನ್ನು ಬರೆಯುವ ರೀತಿ. ನಾವು ಯಾವ ದನಿಯಲ್ಲಿ ಬರೆದೆವೋ ಅದೇ ದನಿಯಲ್ಲಿ ಅವರೂ ಓದುತ್ತಾರೆ ಅಂತ ನಂಬಿರುತ್ತೇವೆ. ಅದು ನಿಜ ಅಲ್ಲ. 2005ರಲ್ಲಿ ಜಸ್ಟಿನ್ ಕ್ರುಗರ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲ್ ಬರೆದವರು ತಮ್ಮ ವ್ಯಂಗ್ಯ ಯಾವುದು, ಗಂಭೀರ ಮಾತು ಯಾವುದು ಅಂತ ಓದುವವರಿಗೆ ಶೇ. 78ರಷ್ಟು ಸಲ ತಿಳಿಯುತ್ತದೆ ಅಂದುಕೊಂಡಿದ್ದರು. ತಿಳಿದದ್ದು ಶೇ. 56ರಷ್ಟು ಸಲ. ನಾಣ್ಯ ಚಿಮ್ಮಿ ಹೇಳಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ ಅಲ್ವಾ. ಪೂರ್ಣವಿರಾಮದ ಚುಕ್ಕೆಯೂ ಕೆಲಸ ಕೆಡಿಸುತ್ತದೆ. ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ 2015ರ ಅಧ್ಯಯನದಲ್ಲಿ, ಒಂದು ಪದದ ಮೆಸೇಜಿಗೆ ಕೊನೆಯಲ್ಲಿ ಚುಕ್ಕೆ ಇಟ್ಟರೆ ಓದಿದವರಿಗೆ ಅದು ಅಷ್ಟಾಗಿ ಮನಸ್ಸಿನಿಂದ ಬಂದ ಮಾತು ಅನ್ನಿಸಲಿಲ್ಲ. ಅದೇ ಪದ ಕೈಬರಹದ ಚೀಟಿಯಲ್ಲಿದ್ದಾಗ ಚುಕ್ಕೆಯಿಂದ ಏನೂ ವ್ಯತ್ಯಾಸ ಆಗಲಿಲ್ಲ. ಅದು ಇಂಗ್ಲಿಷಿನ ಮಾತು ನಿಜ, ಆದರೆ 'ಸರಿ' ಮತ್ತು 'ಸರಿ.' ಎರಡನ್ನೂ ನಿಮ್ಮ ಮೊಬೈಲಿನಲ್ಲಿ ಒಮ್ಮೆ ಓದಿ ನೋಡಿ.

ನನ್ನದೇ ಒಂದು ಉತ್ತರವನ್ನು ತೋರಿಸುತ್ತೇನೆ. ಮೊದಲು ಬರೆದದ್ದು: 'ತಪ್ಪು. ಸರಿಯಾಗಿ ಓದಿ.' ಈಗ ಬರೆದರೆ ಹೀಗೆ: 'ಮೂರನೇ ಪ್ಯಾರಾದಲ್ಲಿ ತಾರೀಕು ಬೇರೆ ಇದೆ ನೋಡಿ, ನನಗೂ ಮೊದಲ ಸಲ ಅದು ಕಾಣಲಿಲ್ಲ. ಅಲ್ಲಿಂದ ಲೆಕ್ಕ ಹಾಕಿದ್ರೆ ಸರಿ ಹೋಗುತ್ತೆ ಅನ್ಸುತ್ತೆ.' ವಿಷಯ ಅದೇ. ಆದರೆ ಎಲ್ಲಿ ನೋಡಬೇಕು ಅಂತ ಬೆರಳಿಟ್ಟು ತೋರಿಸಿದೆ, ತಪ್ಪು ಅವರೊಬ್ಬರದೇ ಅನ್ನಿಸದ ಹಾಗೆ ಹೇಳಿದೆ. 'ನನಗೂ ಕಾಣಲಿಲ್ಲ' ಅನ್ನೋದು ನಿಜ ಆಗಿದ್ದರೆ ಮಾತ್ರ ಬರೆಯಿರಿ, ಸುಳ್ಳು ವಿನಯ ಬೇಗ ಗೊತ್ತಾಗುತ್ತದೆ. ಪರಿಚಯ ಇಲ್ಲದವರಿಗೆ 'ನೀವು' ಅನ್ನಿ, ಅವರೇ ಸಲಿಗೆ ಕೊಡುವವರೆಗೂ. ಮತ್ತು ವಾದ ಬಿಸಿಯಾದಾಗ ಉತ್ತರ ಟೈಪ್ ಮಾಡಿ, ಕಳಿಸಬೇಡಿ, ನೀರು ಕುಡಿದು ಬಂದು ಮತ್ತೆ ಓದಿ.

ಹಾಗಂತ ಇಲ್ಲದ ವೇಷ ಹಾಕಲು ಹೋಗಬೇಡಿ. ಹಾಕಿದ ವೇಷ ನಮ್ಮನ್ನೂ ಕುಣಿಸುತ್ತದೆ. ನಿಕ್ ಯೀ ಮತ್ತು ಜೆರೆಮಿ ಬೇಲೆನ್ಸನ್ ಅನ್ನೋ ಸಂಶೋಧಕರು 2007ರಲ್ಲಿ ತೋರಿಸಿದ್ದು ಇದನ್ನೇ: ಕಂಪ್ಯೂಟರಿನೊಳಗಿನ ವರ್ಚುವಲ್ ಲೋಕದಲ್ಲಿ ಎತ್ತರದ ಅವತಾರ (ಅಲ್ಲಿ ನಮ್ಮ ಬದಲು ಓಡಾಡುವ ಆಕೃತಿ) ಸಿಕ್ಕವರು ಹಣ ಹಂಚಿಕೊಳ್ಳುವ ಆಟದಲ್ಲಿ ತಮ್ಮ ಕಡೆಗೇ ಜಾಸ್ತಿ ಎಳೆದುಕೊಂಡರು. ಅವತಾರ ಕೊಟ್ಟದ್ದು ಸಂಶೋಧಕರು, ಅವರೇ ಆರಿಸಿಕೊಂಡದ್ದಲ್ಲ. ಸಿಟ್ಟಿನ ಮುಖವಾಡ ದಿನಾ ಹಾಕಿಕೊಂಡರೆ ಅದು ಮುಖಕ್ಕೇ ಅಂಟಿಕೊಳ್ಳಬಹುದು ಅಂತ ನನಗೆ ನಿಜಕ್ಕೂ ಭಯ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮಗೆ ಬರುವ ಕೊಳಕು ಮಾತಿಗೆಲ್ಲ ನೀವು ಕಾರಣ ಅಲ್ಲ. ಕೆಲವರು ಹೆಣ್ಣಿನ ಹೆಸರು ಕಂಡರೆ ಸಾಕು, ಬೈಯಲು ಶುರು ಮಾಡುತ್ತಾರೆ. ನೀವು ಎಷ್ಟು ಮೆತ್ತಗೆ ಬರೆದರೂ ಅವರು ಬದಲಾಗುವುದಿಲ್ಲ. ಅಂಥ ಕಡೆ ನಿಮ್ಮ ಡಿಪಿ ತಿದ್ದುತ್ತಾ ಕೂರಬೇಡಿ. ಸ್ಕ್ರೀನ್‌ಶಾಟ್ ತೆಗೆದು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ನಿಮ್ಮ ಪಾಡಿಗೆ ನೀವಿರಿ.

ಕೊನೆಯ ಕೆಲಸ ಹಳೇ ಅಭಿಪ್ರಾಯದ್ದು. ನೀವು ಬದಲಾದರೂ ಜನ ಹಳೇ ನಿಮಗೇ ಉತ್ತರ ಕೊಡುತ್ತಿರುತ್ತಾರೆ, ತಿಂಗಳುಗಟ್ಟಲೆ. ಎಲ್ಲರ ಮುಂದೆ ದೊಡ್ಡ ಕ್ಷಮಾಪಣೆ ಪೋಸ್ಟ್ ಬೇಡ. ನಿಮ್ಮ ಮಾತಿನಿಂದ ಸುಮ್ಮನಾದವರು ಯಾರು ಅಂತ ನೆನಪು ಮಾಡಿಕೊಂಡು ಒಬ್ಬೊಬ್ಬರಿಗೇ ಬರೆಯಿರಿ. ನಾನು ಮೂರು ಜನಕ್ಕೆ ಬರೆದೆ: 'ಅವತ್ತು ನಾನು ಕೊಟ್ಟ ಉತ್ತರ ಒರಟಾಗಿತ್ತು ಅಂತ ಈಗ ಓದಿದಾಗ ಅನ್ನಿಸಿತು. ಬೇಜಾರು ಮಾಡ್ಕೋಬೇಡಿ.' ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು ಪರವಾಗಿಲ್ಲ ಅಂದರು. ಮೂರನೆಯವರು ಸ್ವಲ್ಪ ಹೊತ್ತು ಬಿಟ್ಟು ಬರೆದರು: 'ಅವತ್ತಿನಿಂದ ಒಂದು ಡೌಟು ಹಾಗೇ ಉಳಿದಿದೆ, ಈಗ ಕೇಳಲಾ?'