ಕಿಡ್ನಿ ಸ್ಟೋನ್ ಆಗಿದ್ರೆ ಮೊಸರು ಬಿಡಬೇಡಿ

ಕಿಡ್ನಿಯಲ್ಲಿ ಕಲ್ಲು ಅಂದ ಕೂಡಲೇ ಹಾಲು, ಮೊಸರು ಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಆಕ್ಸಲೇಟ್ ಅಂದರೆ ಪಾಲಕ್‌ನಂಥ ಸೊಪ್ಪಿನಲ್ಲಿ ಜಾಸ್ತಿ ಇರುವ ಒಂದು ಅಂಶ. ಊಟದ ಜೊತೆ ಮೊಸರು ತಿಂದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಕಿಡ್ನಿಯವರೆಗೆ ಹೋಗುವುದು ಕಡಿಮೆ ಆಗುತ್ತದೆ. ಕಡಿಮೆ ಮಾಡಬೇಕಾದ್ದು ಪಾಲಕ್ ಮತ್ತು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಲೆಕ್ಕಕ್ಕೆ ಬರುತ್ತದೆ ಅಲ್ವಾ? ಟೊಮೇಟೊ ಬೀಜಕ್ಕೆ ಸುಮ್ನೆ ಹೆದರಬೇಡಿ, ಅದರಲ್ಲಿ ಆಕ್ಸಲೇಟ್ ಕಡಿಮೆಯೇ.

ದಿನಕ್ಕೆ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು. ರಾಯಚೂರು, ಕಲಬುರಗಿ ಬಿಸಿಲಲ್ಲಿ ಇನ್ನೂ ಜಾಸ್ತಿ ಕುಡಿಯಬೇಕಾಗುತ್ತದೆ. ಸಕ್ಕರೆ, ಉಪ್ಪು ಹಾಕದ ನಿಂಬೆ ನೀರೂ ಒಳ್ಳೆಯದು. ಹೃದಯದ ತೊಂದರೆ ಇದ್ದವರು, ಕಿಡ್ನಿ ಸೋತವರು ಮಾತ್ರ ಡಾಕ್ಟರನ್ನು ಕೇಳಿಯೇ ನೀರು ಹೆಚ್ಚಿಸಿ.

ಬಾಳೆದಿಂಡಿನ ಪಲ್ಯ ಧಾರಾಳವಾಗಿ ತಿನ್ನಿ, ಆದರೆ ಅದನ್ನೇ ನಂಬಿ ಸ್ಕ್ಯಾನಿಂಗ್ ಮುಂದೂಡಬೇಡಿ. 5 ಮಿ.ಮೀ.ಗಿಂತ ಚಿಕ್ಕ ಕಲ್ಲು ಸಾಮಾನ್ಯವಾಗಿ ತಾನೇ ಬೀಳುತ್ತದೆ. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಕಲ್ಲು ಬೀಳುವ ದಿನಗಳಲ್ಲಿ ಹಳೆಯ ಟೀ ಸೋಸುವ ಜಾಲರಿಯೊಂದನ್ನು ಬಚ್ಚಲಲ್ಲೇ ಇಟ್ಟುಕೊಳ್ಳಿ. ಅದರಲ್ಲಿ ಮೂತ್ರ ಸೋಸಿ, ಸಿಕ್ಕ ಕಲ್ಲನ್ನು ಡಬ್ಬಿಗೆ ಹಾಕಿ ಡಾಕ್ಟರಿಗೆ ಕೊಡಿ, ಯಾವ ಬಗೆಯ ಕಲ್ಲು ಅಂತ ಗೊತ್ತಾಗಲಿ. ಯೂರಿಕ್ ಆಸಿಡ್ ಅನ್ನೋ ಇನ್ನೊಂದು ಬಗೆಯ ಕಲ್ಲಾಗಿದ್ದರೆ ಪಥ್ಯ, ಔಷಧಿ ಎರಡೂ ಬೇರೆ.