ವಿಷಲ್ ಎಣಿಸೋದು ಬಿಡಿ, ಉರಿ ಸಣ್ಣ ಮಾಡಿ

"ಐದು ವಿಷಲ್ ಕೂಗಿಸಿದೆ, ಆದರೂ ಬೇಳೆ ಗಟ್ಟಿಯಾಗೇ ಇದೆ ಅಕ್ಕ" ಅಂತ ನನ್ನ ತಂಗಿ ಫೋನ್ ಮಾಡುತ್ತಾಳೆ. ನಾನು ಕೇಳುವುದು ಒಂದೇ: ಉರಿ ಎಷ್ಟಿತ್ತು? ದೊಡ್ಡ ಉರಿಯಲ್ಲಿ ವಿಷಲ್ ಬೇಗ ಬೇಗ ಬರುತ್ತವೆ. ಕಾಳಿಗೆ ಬೇಕಾದದ್ದು ಬಿಸಿಯಲ್ಲಿ ಕೂರುವ ಸಮಯ.

ಕೋಲಾರ 800 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಕೊಟ್ಟರೂ ಬಿಸಿ ಏರುವುದಿಲ್ಲ. ಕುಕ್ಕರಿನೊಳಗೆ ಆವಿಯ ಒತ್ತಡಕ್ಕೆ ಅದು 120ರ ಹತ್ತಿರ ಹೋಗುತ್ತದೆ. ಆ ಒತ್ತಡ ಒಮ್ಮೆ ಬಂದರೆ ಉಳಿಸಿಕೊಳ್ಳಲು ಸಣ್ಣ ಉರಿ ಸಾಕು. ಹೊರಗೆ ಹೋಗುವ ಆವಿ ಅಂದರೆ ಸುಮ್ನೆ ಹೋಗುವ ಗ್ಯಾಸ್. ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವುದಕ್ಕಿಂತ ಅದೇ ನೀರನ್ನು ಪೂರ್ತಿ ಆವಿ ಮಾಡಲು ಐದು ಪಟ್ಟಿಗೂ ಜಾಸ್ತಿ ಶಾಖ ಬೇಕು.

ಹಾಗಾಗಿ ನಾನು ಹೀಗೆ ಮಾಡುತ್ತೇನೆ. ಮೊದಲ ವಿಷಲ್‌ವರೆಗೆ ದೊಡ್ಡ ಉರಿ, ಆದರೆ ಜ್ವಾಲೆ ತಳದಿಂದ ಆಚೆ ಚಾಚಬಾರದು. ವಿಷಲ್ ಬಂದ ತಕ್ಷಣ ಸಿಮ್. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ ಆರೇಳು ನಿಮಿಷ, ರಾತ್ರಿಯಿಡೀ ನೆನೆದ ಹುರುಳಿಕಾಳಿಗೆ ಹದಿನೈದು ನಿಮಿಷ. ಆಮೇಲೆ ಆರಿಸಿ, ಒತ್ತಡ ತಾನಾಗಿಯೇ ಇಳಿಯಲಿ. ಆ ಹೊತ್ತಿನಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ, ಗ್ಯಾಸ್ ಖರ್ಚಿಲ್ಲದೆ. ಅವಸರಕ್ಕೆ ಮೇಲೆ ತಣ್ಣೀರು ಸುರಿದರೆ ಆ ಬಿಸಿಯೆಲ್ಲ ಸಿಂಕಿಗೆ ಹೋಯಿತು ಅಲ್ವಾ?

ನಮ್ಮ ಕಡೆ ಇನ್ನೊಂದು ತೊಂದರೆ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಕಾಳಿನ ಸಿಪ್ಪೆ ಬಿಗಿಯಾಗುತ್ತದೆ, ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಕುಡಿಯಲು ತರುವ ಶುದ್ಧ ನೀರಿನಲ್ಲೇ ನೆನೆಸಿ, ಅದರಲ್ಲೇ ಬೇಯಿಸಿ. ಒಂದೆರಡು ಲೋಟ ನೀರಿಗೆ ಜಿಪುಣತನ ಬೇಡ. ಹುಣಸೆರಸ ಕಾಳು ಬೆಂದ ಮೇಲೆಯೇ ಹಾಕಿ, ಹುಳಿಯೂ ಬೇಯಲು ಬಿಡುವುದಿಲ್ಲ.

ಮಸೊಪ್ಪಿಗೆ ಬೇಳೆ, ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಎಲ್ಲ ಒಟ್ಟಿಗೆ, ಟೊಮೆಟೊದ ಅಷ್ಟು ಹುಳಿ ನಡೆಯುತ್ತದೆ. ಅನ್ನವೂ ಬೇಕಿದ್ದರೆ ಮೇಲೊಂದು ಡಬ್ಬಿ ಇಡಿ, ಒಂದೇ ಉರಿಯಲ್ಲಿ ಎರಡೂ ಆಗುತ್ತವೆ. ಉಳಿದ ಅಡುಗೆಗೆ ನೀರು ಅಳತೆಗೆ ತಕ್ಕಷ್ಟೇ ಹಾಕಿ, ಜಾಸ್ತಿ ನೀರು ಕಾಯಿಸಲು ಜಾಸ್ತಿ ಗ್ಯಾಸ್. ಬಸ್ಸಾರಿಗೆ ಮಾತ್ರ ಈ ಲೆಕ್ಕ ಇಲ್ಲ. ಅಲ್ಲಿ ಬಸಿದ ಕಟ್ಟೇ ಸಾರು.

ಕಾಳು ಹಾಕುವಾಗ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬೇಡಿ. ನೊರೆ ಎದ್ದು ಆವಿ ಹೋಗುವ ತೂತು ಕಟ್ಟಿಕೊಂಡರೆ ಅಪಾಯ. ದಿನಾ ಆ ತೂತನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಳದ ಅಂಚಿನಿಂದ ಆವಿ ಸೋರುತ್ತಿದ್ದರೆ ಗ್ಯಾಸ್ಕೆಟ್ ಬದಲಿಸಿ.

ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಗೆ ಕುಕ್ಕರ್ ಬೇಕಾಗಿಲ್ಲ. ಎಳೆ ಬೇಳೆ ಒಳಗೆ ಕರಗಿಹೋಗುತ್ತದೆ. ಪಾತ್ರೆಗೆ ತಟ್ಟೆ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ.