ಗುಂಡಿನ ಆಳ ಅಳೆಯುವ ಜೆಲಟಿನ್ ಗಟ್ಟಿ

ಅಮೆರಿಕದಲ್ಲಿ ಜಿಂಕೆ ಬೇಟೆಯಾಡುವವರಲ್ಲಿ ಹಲವರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಗುಂಡು ಸಾಕಷ್ಟು ಆಳಕ್ಕೆ ಇಳಿಯದಿದ್ದರೆ ಪ್ರಾಣಿ ಗಾಯಗೊಂಡು ಕಾಡಿನಲ್ಲಿ ಗಂಟೆಗಟ್ಟಲೆ ನರಳುತ್ತದೆ. ಹಾಗಾಗಬಾರದೆಂದು ಮೊದಲೇ, ಮಾಂಸದ ಹಾಗೆಯೇ ಗುಂಡನ್ನು ತಡೆಯುವ ಜೆಲಟಿನ್ ಗಟ್ಟಿಗೆ ಗುಂಡು ಹಾರಿಸಿ ನೋಡುವ ರೂಢಿ ಅಲ್ಲಿದೆ. ನಮ್ಮಲ್ಲಿ ಶಸ್ತ್ರ ಕಾಯ್ದೆಯ ಬಿಗಿ ಇರುವುದರಿಂದ ಮನೆಯಂಗಳದಲ್ಲಿ ಇಂಥ ಪರೀಕ್ಷೆಯ ಮಾತೇ ಇಲ್ಲ. ಆದರೂ ಗಟ್ಟಿ ತಯಾರಾಗುವ ಬಗೆ ತಿಳಿಯತಕ್ಕದ್ದೇ.

ಇದನ್ನು ಶಾಸ್ತ್ರಕ್ಕೆ ಒಗ್ಗಿಸಿದವರು ಅಮೆರಿಕ ಸೇನೆಯ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್. ತೂಕದಲ್ಲಿ ಶೇಕಡಾ 10ರಷ್ಟು ಜೆಲಟಿನ್ ಇರುವ ಗಟ್ಟಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ, ಗುಂಡು ಹಂದಿಯ ಮಾಂಸಖಂಡದಲ್ಲಿ ಇಳಿಯುವಷ್ಟೇ ಆಳಕ್ಕೆ ಇಳಿಯುತ್ತದೆ ಎಂದು ಅವರು ತೋರಿಸಿಕೊಟ್ಟರು. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತ ಮೇಲೆ ಆ ಸಂಸ್ಥೆಯೂ ಇದೇ ಪರೀಕ್ಷೆಯನ್ನು ಕೈಗೆತ್ತಿಕೊಂಡಿತು. ಪಿಸ್ತೂಲಿನ ಗುಂಡು ಕನಿಷ್ಠ 12, ಹೆಚ್ಚೆಂದರೆ 18 ಅಂಗುಲ ಇಳಿಯಬೇಕೆಂಬ ಲೆಕ್ಕ ಅಲ್ಲಿಂದ ಬಂತು.

ಬೇಕಾದದ್ದು 250 ಬ್ಲೂಮ್ ಶಕ್ತಿಯ (ಬ್ಲೂಮ್ ಎಂದರೆ ಜೆಲಟಿನ್ ಹೆಪ್ಪಿನ ಬಿಗಿಯ ಅಳತೆ) ‘ಎ’ ಮಾದರಿಯ ಜೆಲಟಿನ್ ಪುಡಿ. ಇದು ಹಂದಿಯ ಚರ್ಮದಿಂದ ಬರುವ ವಸ್ತು. ಸಸ್ಯಾಹಾರಿಗಳ ಮನೆಯ ಚೈನಾ ಗ್ರಾಸ್ ಇದಕ್ಕೆ ಬದಲಿಯಾಗದು. ಅದು ಹಿಗ್ಗದೆ ಪಟ್ಟನೆ ಒಡೆಯುತ್ತದೆ. 1 ಕಿಲೋ ಪುಡಿಗೆ 9 ಲೀಟರ್ ನೀರು ಎಂದರೆ 6 ಅಂಗುಲ ಅಗಲ, 6 ಅಂಗುಲ ಎತ್ತರ, 16 ಅಂಗುಲ ಉದ್ದದ ಒಂದು ಗಟ್ಟಿಗೆ ಸಾಕಾಗಿ ತುಸು ಮಿಗುತ್ತದೆ. ಪುಡಿಯನ್ನು ತೂಗಿಯೇ ಹಾಕಬೇಕು, ಲೋಟದ ಅಳತೆ ನಡೆಯದು.

ನೀರು ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿರಲಿ. ಪುಡಿಯನ್ನು ಮೇಲಿಂದ ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಕಲಕಬೇಕು. ಕುದಿನೀರಿಗೆ ಒಮ್ಮೆಲೇ ಸುರಿದರೆ ಮುದ್ದೆಯ ಎಸರಿಗೆ ಹಿಟ್ಟು ಸುರಿದ ಹಾಗೆ ಗಂಟು ಕಟ್ಟುತ್ತದೆ: ಹೊರಗೆ ಅಂಟು, ಒಳಗೆ ಒಣ ಪುಡಿ. ಆ ಗಂಟು ಆಮೇಲೆ ಎಷ್ಟು ಕಲಕಿದರೂ ಕರಗುವುದಿಲ್ಲ. ಕಲಸಿದ್ದನ್ನು ಎರಡು ಗಂಟೆ ಫ್ರಿಜ್ಜಿನಲ್ಲಿ ನೆನೆಯಲು ಬಿಟ್ಟರೆ ಪುಡಿ ನೀರು ಹೀರಿ, ನೆನೆದ ಸಬ್ಬಕ್ಕಿಯಂತೆ ಉಬ್ಬಿಕೊಳ್ಳುತ್ತದೆ.

ಮುಂದಿನದು ಕಾಯಿಸುವ ಕೆಲಸ. ಬಹಳ ಮಂದಿ ಎಡವುವುದು ಇಲ್ಲಿಯೇ. ಪಾತ್ರೆಯನ್ನು ನೇರ ಉರಿಗಿಡದೆ ಬಿಸಿನೀರಿನ ದೊಡ್ಡ ಪಾತ್ರೆಯೊಳಗಿಟ್ಟು, ಥರ್ಮಾಮೀಟರಿನ ಮೇಲೆ ಕಣ್ಣಿಟ್ಟು ನಿಧಾನವಾಗಿ ಕರಗಿಸಬೇಕು. ದ್ರಾವಣ 40 ಡಿಗ್ರಿ ದಾಟಕೂಡದು. ದಾಟಿದರೆ ಜೆಲಟಿನ್ನಿನ ಉದ್ದನೆಯ ಎಳೆಗಳು ತುಂಡಾಗಿ ಗಟ್ಟಿ ಮೆತ್ತಗಾಗುತ್ತದೆ, ಗುಂಡು ಸುಳ್ಳು ಆಳ ತೋರಿಸುತ್ತದೆ. ಜೋರಾಗಿ ಕಡೆದರೆ ಗಾಳಿಗುಳ್ಳೆ ಸೇರುತ್ತದೆ. ಕೆಲವು ಹನಿ ದಾಲ್ಚಿನ್ನಿ ಎಣ್ಣೆ ಬಿಟ್ಟರೆ ನೊರೆ ಇಳಿಯುತ್ತದೆ, ಬೂಷ್ಟು ಹಿಡಿಯುವುದೂ ತಡವಾಗುತ್ತದೆ. ಉಳಿದ ನೊರೆಯನ್ನು ಸೌಟಿನಿಂದ ತೆಗೆದು, ಒಳಗೆ ಎಣ್ಣೆ ಸವರಿದ ಅಚ್ಚಿಗೆ ಬದಿಯಿಂದ ಎರೆಯಬೇಕು.

ಹೊರಗೆ ಕೆಲವು ಗಂಟೆ ಬಿಟ್ಟು, ಹೆಪ್ಪುಗಟ್ಟಿದ ಮೇಲೆ 4 ಡಿಗ್ರಿಯ ಫ್ರಿಜ್ಜಿನಲ್ಲಿ ಕನಿಷ್ಠ 36 ಗಂಟೆ ಇಡಬೇಕು. ಮೇಲ್ಮೈ ಬೇಗ ತಣಿದರೂ ನಡುಭಾಗ ತಣಿಯಲು ಅಷ್ಟು ಹೊತ್ತು ಬೇಕು. ಫ್ರೀಜರಿಗೆ ಮಾತ್ರ ಬೇಡ, ಐಸಿನ ಹರಳುಗಳು ಒಳಗಿನ ಜಾಲವನ್ನೇ ಹರಿದುಬಿಡುತ್ತವೆ.

ಅಚ್ಚಿನಿಂದ ತೆಗೆದ ಗಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿಡಬೇಕು. ತೆರೆದಿಟ್ಟರೆ ಅಂಚುಗಳಿಂದ ನೀರು ಆರಿ, ಅಲ್ಲಿ ಕೊಂಬಿನಂಥ ಹಳದಿ ಪದರ ಕಟ್ಟುತ್ತದೆ. ಉಗುರು ಒತ್ತಿದರೂ ಗುರುತು ಮೂಡದು. ಅಂಥ ಗಟ್ಟಿ ಪರೀಕ್ಷೆಗೆ ಬಾರದು. ಎರೆದ ದಿನಾಂಕ ಬರೆದಿಟ್ಟು ಮೂರ್ನಾಲ್ಕು ದಿನದೊಳಗೆ ಬಳಸುವುದು ಒಳ್ಳೆಯದು. ಕಪ್ಪು ಅಥವಾ ಹಸಿರು ಚುಕ್ಕೆ ಕಂಡರೆ ಎಸೆಯಬೇಕು. ಒಣ ಪುಡಿಯನ್ನಾದರೆ ತೇವ ತಾಗದಂತೆ ಮುಚ್ಚಿ ಬಹುಕಾಲ ಇಡಬಹುದು.

ಶೂಟಿಂಗ್ ರೇಂಜಿಗೆ ಐಸ್ ಪೆಟ್ಟಿಗೆಯಲ್ಲಿಯೇ ಒಯ್ದು, ಹೊರತೆಗೆದ 20 ನಿಮಿಷದೊಳಗೆ ಕೆಲಸ ಮುಗಿಸಬೇಕು. ಮೊದಲು ಏರ್‌ಗನ್ನಿನಿಂದ 4.5 ಮಿ.ಮೀ. ಉಕ್ಕಿನ ಗುಂಡನ್ನು ಸೆಕೆಂಡಿಗೆ 590 ಅಡಿ ವೇಗದಲ್ಲಿ ಹಾರಿಸಿ ಗಟ್ಟಿಯನ್ನೇ ಪರೀಕ್ಷಿಸಬೇಕು. ಅದು 8.5 ಸೆಂ.ಮೀ. ಆಳಕ್ಕೆ ಇಳಿಯಬೇಕು, ಒಂದು ಸೆಂ.ಮೀ. ಆಚೀಚೆಯಾದರೆ ಅಡ್ಡಿಯಿಲ್ಲ. ಈ ಹೆಜ್ಜೆಯನ್ನು ಬಿಟ್ಟವರ ಅಂಕಿಗಳನ್ನು ನಾನು ನಂಬುವುದಿಲ್ಲ. ಒಂದು ಗಟ್ಟಿಯ ಉದ್ದ 18 ಅಂಗುಲಕ್ಕೆ ಸಾಲದಾದ್ದರಿಂದ ಹಿಂದೆ ಇನ್ನೊಂದನ್ನು ತಾಗಿಸಿ ಇಡಬೇಕು, ಅದರ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ ಇರಲೇಬೇಕು.

ಬಳಸಿದ ಗಟ್ಟಿಯಿಂದ ಗುಂಡಿನ ಚೂರು ಆರಿಸಿ, ಸೋಸಿ, ಮತ್ತೆ 40 ಡಿಗ್ರಿಯೊಳಗೇ ಕರಗಿಸಿ ಎರೆಯಬಹುದು. ಪ್ರತಿ ಸಲವೂ ಅದರ ಬಿಗಿ ಒಂದಿಷ್ಟು ಕುಗ್ಗುತ್ತದೆ. ಉಕ್ಕಿನ ಗುಂಡು 9.5 ಸೆಂ.ಮೀ. ದಾಟಿ ಇಳಿಯತೊಡಗಿದ ದಿನ ಹೊಸ ಪುಡಿ ತೂಗಬೇಕು.